ಗಿಡದ ದೋಷವೋ, ಕೈಯ ದೋಷವೋ?

ನಮ್ಮ ಯಲಬುರ್ಗಾ, ಕುಷ್ಟಗಿಗಳ ಕಡೆಯ ಹೊಲಗಳಲ್ಲಿ ಬೆಳೆಯುವ ಪುಂಡಿಯ ಗಿಡವನ್ನು ಅರಿಯದವರು ಯಾರು? ಅದರ ಹುಳಿಯಾದ ಎಲೆಯನ್ನು ಬೇಯಿಸಿ ಜೋಳದ ರೊಟ್ಟಿಯೊಡನೆ ಉಣ್ಣುತ್ತೇವೆ. ಅದರ ಕಡ್ಡಿಯನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ಹಗ್ಗ, ಮಿಣಿ, ದನದ ಕಣ್ಣಿಗಳನ್ನು ಹೊಸೆಯುವ ಕೆಲಸವನ್ನು ನಮ್ಮ ಹಿರಿಯರು ಮಾಡುತ್ತಿದ್ದರು. ಈ ಗಿಡದ ಎಲೆಯು ಕೈಬೆರಳುಗಳಂತೆ ಸೀಳಿಕೊಂಡಿರುವದರಿಂದ, ದೂರದಿಂದ ನೋಡುವವನಿಗೆ ಅದು ಗಾಂಜಾದ ಗಿಡದಂತೆಯೇ ಕಾಣುವದು. ಸಸ್ಯಶಾಸ್ತ್ರಿಗಳು ಪುಂಡಿಗೆ ಇಟ್ಟಿರುವ ‘ಹಿಬಿಸ್ಕಸ್ ಕ್ಯಾನಬಿನಸ್’ ಎಂಬ ಲತೀನ್ ಹೆಸರಿನ ಅರ್ಥವೂ ಗಾಂಜಾವನ್ನು ಹೋಲುವ ದಾಸವಾಳ ಎಂಬದೇ. ಇಂಗ್ಲಿಷರು ಇದನ್ನು ದಖ್ಖಣದ ಹೆಂಪು ಎಂದು ಕರೆದರು. ಆದರೆ ಎರಡು ಗಿಡಗಳಿಗೂ ಕುಲಸಂಬಂಧವೇನೂ ಇಲ್ಲ. ಒಂದು ನಮ್ಮ ಅಡಿಗೆಮನೆಗೆ ಬರುವದು; ಮತ್ತೊಂದನ್ನು ಹೊಲದಲ್ಲಿಟ್ಟುಕೊಂಡವನು ಸೆರೆಮನೆಗೆ ಹೋಗುವನು.

ಇದನ್ನು ಯೋಚಿಸುವವನಿಗೆ ಒಂದು ಪ್ರಶ್ನೆ ಹುಟ್ಟದೆ ಇರದು. ಅದೇನಂದರೆ, ಒಂದು ಗಿಡವು ತಾನೇ ಕೆಟ್ಟದ್ದಾಗಿರಬಹುದೋ? ಕೆಡಕು ಗಿಡದಲ್ಲಿ ಇದೆಯೋ, ಅದನ್ನು ಕೊಯ್ಯುವ ಕೈಯಲ್ಲಿ ಇದೆಯೋ, ಅಥವಾ ಆ ಕೈಯನ್ನು ನಡಿಸುವ ಮನಸ್ಸಿನಲ್ಲಿ ಇದೆಯೋ? ಇದು ಪಂಡಿತರು ಕಾಲ ಕಳೆಯುವದಕ್ಕೆ ಆಡುವ ಮಾತೆಂದು ಯಾರೂ ಎಣಿಸಬಾರದು. ನಮ್ಮ ಹಳ್ಳಿಗಳಲ್ಲಿ ಚಿಲುಮೆಗೆ ದಾಸನಾದ ಮಗನಿರುವ ಮನೆಗಳು ಉಂಟು. ನೋವಿನಿಂದ ನರಳುವ ರೋಗಿಗೆ ಇಂಥ ಔಷಧವನ್ನು ಕೊಡಬಹುದೋ ಎಂದು ತಿಳಿಯದೆ ಅಂಜುವವರೂ ಉಂಟು. ಸಾಲದ ಭಾರದಿಂದ, ಹತ್ತಿಯ ಸಾಲುಗಳ ನಡುವೆ ನಾಲ್ಕು ಗಿಡ ಹಚ್ಚಿದರೆ ಯಾರು ನೋಡುವರು ಎಂದು ಶೋಧನೆಗೆ ಒಳಗಾಗುವ ಒಕ್ಕಲಿಗನೂ ಉಂಟು. ಇವರೆಲ್ಲರಿಗೂ ‘ಅದು ಸೈತಾನನ ಗಿಡ’ ಎಂಬ ಒಂದೇ ಮಾತನ್ನು ಹೇಳಿ ಕಳುಹಿಸಿಬಿಡುವದು ಸುಲಭ. ಆದರೆ ಸುಲಭವಾದ ಮಾತೆಲ್ಲಾ ಸತ್ಯವಾದ ಮಾತಲ್ಲ.

ಮೊದಲು ಗಿಡವನ್ನೇ ತಿಳುಕೊಳ್ಳೋಣ. ಇದರಲ್ಲಿ ಗಂಡುಗಿಡ, ಹೆಣ್ಣುಗಿಡ ಎಂಬ ಭೇದವಿದೆ. ಹೆಣ್ಣುಗಿಡದ ಹೂವಿನ ತೆನೆಗಳಲ್ಲಿ ಅಂಟಾದ ರಾಳವು ಹುಟ್ಟುವದು. ಅಮಲೇರಿಸುವ ಶಕ್ತಿಯು ಮುಖ್ಯವಾಗಿ ಈ ರಾಳದಲ್ಲಿದೆ. ಒಣಗಿಸಿದ ಹೂದೆನೆಗೆ ಗಾಂಜಾ ಎಂದೂ, ಬೇರ್ಪಡಿಸಿದ ರಾಳಕ್ಕೆ ಚರಸು ಎಂದೂ, ಅರೆದು ಕುಡಿಯುವ ಎಲೆಗೆ ಭಂಗಿ ಎಂದೂ ಹೆಸರು. ಇದರ ಬೀಜದಲ್ಲಿ ಎಣ್ಣೆಯುಂಟು, ಅಮಲಿಲ್ಲ. ಇದರ ಕಾಂಡದಲ್ಲಿ ಗಟ್ಟಿಯಾದ ನಾರುಂಟು. ಹಾಯಿಹಡಗುಗಳ ಕಾಲದಲ್ಲಿ ಯುರೋಪಿನ ನಾವಿಕರ ಹಗ್ಗಗಳೂ ಹಾಯಿಗಳೂ ಈ ನಾರಿನಿಂದಲೇ ಆಗುತ್ತಿದ್ದವು. ಕ್ಯಾನ್ವಾಸ್ ಎಂಬ ಬಟ್ಟೆಯ ಹೆಸರು ಕ್ಯಾನಬಿಸ್ ಎಂಬ ಈ ಗಿಡದ ಹೆಸರಿನಿಂದಲೇ ಬಂದದ್ದು. ಹೀಗೆ ಒಂದೇ ಗಿಡದಲ್ಲಿ ಹಗ್ಗವೂ ಎಣ್ಣೆಯೂ ಔಷಧವೂ ಅಮಲೂ ಕೂಡಿಕೊಂಡಿವೆ. ‘ಈ ಗಿಡವು ಕೆಟ್ಟದ್ದು’ ಎನ್ನುವವನು ಯಾವ ಭಾಗವನ್ನು ಕುರಿತು ಹೇಳುತ್ತಾನೆಂದು ನಾವು ಕೇಳಬೇಕಾಗುವದು.

ಇದರ ಬಳಕೆಯು ನಿನ್ನೆ ಮೊನ್ನೆಯದಲ್ಲ. ಅಥರ್ವವೇದದಲ್ಲಿ ಭಂಗ ಎಂಬ ಹೆಸರು ಬಂದಿದೆ. ನಮ್ಮ ದೇಶದ ವೈದ್ಯರು ಇದನ್ನು ವಿಜಯಾ ಎಂದು ಕರೆದು, ಹೊಟ್ಟೆಯ ಬೇನೆಗೂ ನಿದ್ರೆ ಬಾರದವರಿಗೂ ಇತರ ಮದ್ದುಗಳೊಡನೆ ಅಳತೆಯಿಂದ ಕೂಡಿಸಿ ಕೊಡುತ್ತಿದ್ದರು. ಜಾತೀಫಲಾದಿ ಚೂರ್ಣದಲ್ಲಿ ಅದು ಈಗಲೂ ಒಂದು ದ್ರವ್ಯವಾಗಿದೆ. ಗೋವೆಯಲ್ಲಿ ವಾಸವಾಗಿದ್ದ ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯನು ೧೫೬೩ರಲ್ಲಿ ಇಂಡಿಯಾದ ಔಷಧಗಳನ್ನು ಕುರಿತು ಒಂದು ಗ್ರಂಥವನ್ನು ಅಚ್ಚುಹಾಕಿಸಿದನು. ಅದರಲ್ಲಿ ಭಂಗಿಯ ವಿಷಯವಾದ ಒಂದು ಅಧ್ಯಾಯವಿದೆ. ಗುಜರಾತಿನ ಸುಲ್ತಾನ ಬಹಾದೂರನು ರಾತ್ರಿಯಲ್ಲಿ ದೂರದೇಶಗಳನ್ನು ಸಂಚರಿಸಬೇಕೆನ್ನಿಸಿದಾಗ ತನಗೆ ಸ್ವಲ್ಪ ಭಂಗಿಯೇ ಸಾಕೆಂದು ಹೇಳಿಕೊಂಡನಂತೆ. ಅದೇ ವೈದ್ಯನು ಮತ್ತೊಂದು ಸಂಗತಿಯನ್ನೂ ತಿಳಿಸುತ್ತಾನೆ: ಸೇವಕರು ಕಷ್ಟದ ಅರಿವಿಲ್ಲದೆ ದುಡಿಯುವದಕ್ಕೂ ಇದನ್ನು ತೆಗೆದುಕೊಳ್ಳುತ್ತಿದ್ದರಂತೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಅರಸನು ಬೇಸರ ಕಳೆಯುವದಕ್ಕೂ ಆಳು ದಣಿವನ್ನು ಮರೆಯುವದಕ್ಕೂ ತೆಗೆದುಕೊಂಡದ್ದು ಒಂದೇ ಸೊಪ್ಪು. ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವದು ನ್ಯಾಯವೋ? ಸುಗ್ಗಿಯಲ್ಲಿ ಹಗಲೆಲ್ಲಾ ಬಗ್ಗಿ ದುಡಿದು, ಸಂಜೆಗೆ ಅರ್ಧಹೊಟ್ಟೆಯಲ್ಲಿ ಮಲಗುವವನು ಅಮಲನ್ನು ಹುಡುಕಿದರೆ, ಅವನ ತಪ್ಪನ್ನು ಎತ್ತಿ ಆಡುವದಕ್ಕೆ ಮುಂಚೆ ಅವನ ದಣಿವಿಗೆ ಕಾರಣರು ಯಾರೆಂದು ಕೇಳಬೇಕು. ನಾವು ಅವನ ಅಮಲನ್ನು ಒಳ್ಳೇದೆಂದು ಹೇಳುವದಿಲ್ಲ. ಅಮಲು ಇಳಿದ ಮೇಲೆ ದಣಿವೂ ಬಡತನವೂ ಅಲ್ಲೇ ಕೂತಿರುವವು. ಕೈಯಲ್ಲಿದ್ದ ಕಾಸು ಮಾತ್ರ ಹೋಗಿರುವದು. ಆದರೆ ಕೂಲಿಯನ್ನು ಹಿಡಿದಿಟ್ಟುಕೊಂಡ ಒಡೆಯನು ಆಳಿನ ಚಿಲುಮೆಯನ್ನು ನೋಡಿ ನಕ್ಕರೆ, ಆ ಇಬ್ಬರಲ್ಲಿ ದೊಡ್ಡ ದೋಷಿಯು ಯಾರೆಂಬದು ವಾಚಕರಿಗೆ ಹೇಳಿಕೊಡಬೇಕಾದ ಮಾತಲ್ಲ.

ಪಶ್ಚಿಮದ ವೈದ್ಯಶಾಸ್ತ್ರದೊಳಗೆ ಈ ಗಿಡವನ್ನು ಕ್ರಮವಾಗಿ ತಂದವನು ಡಾಕ್ಟರ್ ವಿಲ್ಲಿಯಮ್ ಓಷಾನೆಸಿ ಎಂಬ ಐರ್ಲೆಂಡಿನವನು. ಆತನು ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಕಲಿಸುತ್ತಿದ್ದನು. ಜನರು ಗಾಂಜಾವನ್ನು ಹೊಗಳುವದನ್ನೂ ಕೇಳಿದ್ದನು, ಬೈಯುವದನ್ನೂ ಕೇಳಿದ್ದನು. ಎರಡರಲ್ಲಿ ಯಾವದನ್ನೂ ಕೇಳಿದ ಮಾತ್ರಕ್ಕೆ ನಂಬಲಿಲ್ಲ. ಮೊದಲು ನಾಯಿ, ಬೆಕ್ಕು, ಮೇಕೆ, ಕುದುರೆ ಮುಂತಾದ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದನು. ಆಮೇಲೆ ಕೀಲುಬೇನೆ, ಧನುರ್ವಾತ, ವಾಂತಿಭೇದಿಗಳಿಂದ ಬಳಲುವ ರೋಗಿಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ನೋಡಿದನು. ಕಂಡದ್ದನ್ನು ೧೮೩೯ರಲ್ಲಿ ಬರೆದು ಪ್ರಕಟಿಸಿದನು. ಸೆಳೆವು ಬಂದು ಸಾಯುವ ಸ್ಥಿತಿಯಲ್ಲಿದ್ದ ಸುಮಾರು ೪೦ ದಿನದ ಒಂದು ಹಸುಳೆಗೆ ಇದರಿಂದ ಉಪಶಮನವಾಯಿತು. ಹುಚ್ಚುನಾಯಿಯ ವಿಷವೇರಿ, ನೀರನ್ನು ನೋಡಿದರೇ ನಡುಗುತ್ತಿದ್ದ ಒಬ್ಬ ಹಕೀಮನು ಈ ಔಷಧವನ್ನು ತೆಗೆದುಕೊಂಡ ಮೇಲೆ ಹಣ್ಣಿನ ರಸವನ್ನು ನುಂಗಶಕ್ತನಾದನು. ಅವನು ಬದುಕಲಿಲ್ಲ. ಆ ರೋಗಕ್ಕೆ ಅಂದು ಮದ್ದಿರಲಿಲ್ಲ. ಆದರೆ ಅವನ ಕಡೆಯ ದಿವಸಗಳ ಯಾತನೆಯು ಬಹಳ ಮಟ್ಟಿಗೆ ತಗ್ಗಿತು. ಅತಿಯಾಗಿ ಸೇದುವವರಿಗೆ ಬರುವ ಬುದ್ಧಿಭ್ರಮೆಯನ್ನೂ ಇದೇ ವೈದ್ಯನು ಮುಚ್ಚಿಡದೆ ಬರೆದಿದ್ದಾನೆ.

ರೋಗವನ್ನು ವಾಸಿಮಾಡದೆ ನೋವನ್ನು ಮಾತ್ರ ತಗ್ಗಿಸುವ ಔಷಧವು ಒಳ್ಳೇದೋ? ಕೆಲವರು ಇದಕ್ಕೆ ಅಡ್ಡಿ ಹೇಳುವರು. ಕರ್ತನು ಶಿಲುಬೆಯ ಬಳಿಯಲ್ಲಿ ತನಗೆ ಕೊಟ್ಟ, ಬೋಳ ಬೆರಸಿದ ದ್ರಾಕ್ಷಾರಸವನ್ನು ತೆಗೆದುಕೊಳ್ಳಲಿಲ್ಲವಲ್ಲಾ, ಹಾಗಾದರೆ ನಾವು ನೋವನ್ನು ಸಹಿಸಿಕೊಳ್ಳಬೇಕಲ್ಲವೇ ಎನ್ನುವರು. ಈ ಮಾತಿನಲ್ಲಿ ಭಕ್ತಿಯುಂಟು. ಆದರೆ ವಿವೇಚನೆ ಸಾಲದು. ಒಬ್ಬನು ತನಗಾಗಿ ಬೇಡವೆಂದದ್ದನ್ನು ಮತ್ತೊಬ್ಬನ ಬಾಯಿಂದ ಕಿತ್ತುಕೊಳ್ಳುವದಕ್ಕೆ ಅದು ಅಪ್ಪಣೆಯಾಗದು. ಆತನು ತನ್ನ ಬಳಿಗೆ ಬಂದ ಯಾವ ರೋಗಿಗೂ ‘ಸಹಿಸಿಕೋ’ ಎಂದು ಹೇಳಿ ಕಳುಹಿಸಲಿಲ್ಲ. ಸಮಾರ್ಯದವನು ಗಾಯಪಟ್ಟವನಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದನು; ಪೌಲನು ತಿಮೊಥೆಯನ ಹೊಟ್ಟೆಯ ಬೇನೆಯನ್ನು ನೆನೆದು ಸ್ವಲ್ಪ ದ್ರಾಕ್ಷಾರಸವನ್ನು ಉಪಯೋಗಿಸಬೇಕೆಂದು ಬರೆದನು. ಅಮಲಾಗುವ ಪದಾರ್ಥವೇ ಅಳತೆಯಿಂದಲೂ ಉದ್ದೇಶದಿಂದಲೂ ಔಷಧವಾಗಬಲ್ಲದೆಂಬದು ಇದರಿಂದ ತೋರುವದು. ತನ್ನ ನೋವನ್ನು ಸಹಿಸುವದು ತಾಳ್ಮೆ. ಪರರ ನೋವನ್ನು ಸಹಿಸಿಕೊಂಡು ಸುಮ್ಮನಿರುವದು ಕಠಿಣಹೃದಯ.

ಓಷಾನೆಸಿಯ ಬರಹದಿಂದ ಈ ಔಷಧವು ಇಂಗ್ಲೆಂಡಿಗೂ ಅಮೇರಿಕೆಗೂ ಹಬ್ಬಿತು. ವಿಕ್ಟೋರಿಯಾ ರಾಣಿಯ ವೈದ್ಯರಲ್ಲಿ ಒಬ್ಬರಾಗಿದ್ದ ರಸೆಲ್ ರೆನಾಲ್ಡ್ಸ್ ಎಂಬವರು ತಮ್ಮ ೩೦ ವರುಷಗಳ ಅನುಭವದಿಂದ ಇದರ ಗುಣವನ್ನು ೧೮೯೦ರಲ್ಲಿ ಬರೆದರು. ಆದರೆ ಇದರ ಸತ್ವವು ನೀರಿನಲ್ಲಿ ಕರಗದು; ಸೂಜಿಯಿಂದ ಚುಚ್ಚುವದಕ್ಕೆ ಬಾರದು; ಒಂದು ಸೀಸೆಯ ಶಕ್ತಿಯು ಮತ್ತೊಂದು ಸೀಸೆಯದಕ್ಕೆ ಸರಿಬೀಳದು. ಮಾರ್ಫಿನ್, ಆಸ್ಪಿರಿನ್ ಮುಂತಾದ, ನಂಬಿ ಅಳೆದುಕೊಡಬಹುದಾದ ಮದ್ದುಗಳು ಬಂದ ಮೇಲೆ ಇದು ಹಿಂದೆ ಬಿತ್ತು. ಬ್ರಿಟಿಷ್ ಔಷಧಕೋಶದಿಂದ ೧೯೩೨ರಲ್ಲಿಯೂ ಅಮೇರಿಕದ ಕೋಶದಿಂದ ೧೯೪೨ರಲ್ಲಿಯೂ ಇದರ ಹೆಸರನ್ನು ತೆಗೆದುಹಾಕಿದರು.

ಇನ್ನು, ಸುಳ್ಳುಸಾಕ್ಷಿಯ ವಿಷಯವಾಗಿ ನಮ್ಮನ್ನು ಎಚ್ಚರಿಸುವ ಒಂದು ಚರಿತ್ರೆಯನ್ನು ಹೇಳುತ್ತೇವೆ. ಇಂಡಿಯಾದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದುವವರಿಂದ ತುಂಬಿಹೋಗಿವೆ ಎಂಬ ದೂರು ೧೮೯೧ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಎದ್ದಿತು. ಮದ್ಯವರ್ಜನದ ಪಕ್ಷದವರು, ಒಳ್ಳೇ ಮನಸ್ಸಿನಿಂದಲೇ, ಇದನ್ನು ಬಿಡದೆ ಹಿಡಿದರು. ಆದದರಿಂದ ೧೮೯೩ರಲ್ಲಿ ಸರ್ಕಾರದವರು ಏಳು ಮಂದಿಯ ಒಂದು ವಿಚಾರಣಾ ಮಂಡಲಿಯನ್ನು ನೇಮಿಸಿದರು. ಅದರ ಅಧ್ಯಕ್ಷರು ಮ್ಯಾಕ್ವರ್ತ್ ಯಂಗ್ ಎಂಬವರು. ಏಳು ಮಂದಿಯಲ್ಲಿ ಮೂವರು ಈ ದೇಶದವರು. ಅವರೊಳಗೆ ಒಬ್ಬರು ಕಪೂರ್ಥಲದ ರಾಜಮನೆತನದಲ್ಲಿ ಹುಟ್ಟಿ ಕ್ರೈಸ್ತಮತವನ್ನು ಸ್ವೀಕರಿಸಿದ ಕುಂವರ್ ಹರ್ನಾಮ್ ಸಿಂಗರು. ಸ್ವತಂತ್ರ ಇಂಡಿಯಾದ ಮೊದಲನೆಯ ಆರೋಗ್ಯ ಮಂತ್ರಿಣಿಯಾದ ರಾಜಕುಮಾರಿ ಅಮೃತ ಕೌರರ ತಂದೆ. ಮಂಡಲಿಯವರು ೧,೧೯೩ ಸಾಕ್ಷಿಗಳನ್ನು ವಿಚಾರಿಸಿದರು. ವೈದ್ಯರು, ಅಧಿಕಾರಿಗಳು, ವ್ಯಾಪಾರಿಗಳು, ಒಕ್ಕಲಿಗರು, ಮಿಶನರಿಗಳು, ಎಲ್ಲರೂ ಅವರ ಮುಂದೆ ಹೇಳಿಕೆ ಕೊಟ್ಟರು.

ಹುಚ್ಚಾಸ್ಪತ್ರೆಗಳ ದಫ್ತರಗಳನ್ನು ಅವರು ಒಂದೊಂದಾಗಿ ತೆಗಿಸಿ ನೋಡಿದಾಗ ಏನು ಕಂಡಿತು? ರೋಗಿಯನ್ನು ಸೇರಿಸುವಾಗ ಹುಚ್ಚಿಗೆ ಕಾರಣವೇನೆಂಬ ಒಂದು ಅಂಕಣವನ್ನು ತುಂಬಬೇಕಾಗಿತ್ತು. ಅನೇಕ ವೇಳೆ ಪೋಲೀಸಿನವರೇ ಅದನ್ನು ತುಂಬುತ್ತಿದ್ದರು. ರೋಗಿಯ ಮನೆತನವನ್ನೂ ಹಿಂದಿನ ನಡತೆಯನ್ನೂ ವಿಚಾರಿಸುವದಕ್ಕೆ ಪುರಸೊತ್ತು ಯಾರಿಗಿದೆ? ಅವನು ಎಂದಾದರೂ ಗಾಂಜಾ ಸೇದಿದ್ದನೆಂದು ಯಾರಾದರೂ ಹೇಳಿದರೆ ಸಾಕು, ಗಾಂಜಾ ಎಂದು ಬರೆಯುವರು. ಆಸ್ಪತ್ರೆಯ ಗುಮಾಸ್ತನು ಅದನ್ನೇ ನಕಲು ಮಾಡುವನು. ವರುಷದ ಕಡೆಯಲ್ಲಿ ಆ ನಕಲುಗಳನ್ನು ಕೂಡಿಸಿ ಲೆಕ್ಕವೆಂದು ಅಚ್ಚುಹಾಕುವರು. ಲೆಕ್ಕವನ್ನು ಓದಿದವರು ಸಮುದ್ರದಾಚೆ ಭಾಷಣ ಮಾಡುವರು. ೧೮೯೨ನೆಯ ವರುಷದಲ್ಲಿ ಗಾಂಜಾದ ಮೇಲೆ ಹೊರಿಸಿದ್ದ ಪ್ರಕರಣಗಳನ್ನು ತಿರಿಗಿ ಶೋಧಿಸಿದಾಗ ಅರ್ಧಕ್ಕಿಂತಲೂ ಕಡಿಮೆಯಾದವುಗಳು ಮಾತ್ರ ನಿಂತವು. ಉಳಿದ ರೋಗಿಗಳ ನಿಜವಾದ ಕಾರಣವನ್ನು ಯಾರೂ ಹುಡುಕಿರಲಿಲ್ಲ. ಗಿಡದ ಮೇಲೆ ಹೊರಿಸಿದ ಸುಳ್ಳಿನಿಂದ ಗಿಡಕ್ಕೇನೂ ನಷ್ಟವಾಗಲಿಲ್ಲ. ಆ ರೋಗಿಗಳಿಗೇ ನಷ್ಟವಾಯಿತು.

೧೮೯೪ರಲ್ಲಿ ಮಂಡಲಿಯವರು ತಮ್ಮ ತೀರ್ಮಾನವನ್ನು ಹೇಳಿದರು. ಮಿತವಾದ ಬಳಕೆಯಿಂದ ಸಾಧಾರಣವಾಗಿ ಕೇಡು ಕಾಣುವದಿಲ್ಲ, ಮಿತಿಮೀರಿದರೆ ದೇಹಕ್ಕೂ ಬುದ್ಧಿಗೂ ನಡತೆಗೂ ಹಾನಿಯುಂಟು, ಪೂರ್ತಿಯಾಗಿ ನಿಷೇಧಿಸುವದು ಬೇಡ, ತೆರಿಗೆಯಿಂದಲೂ ಪರವಾನಗಿಯಿಂದಲೂ ಹತೋಟಿಯಲ್ಲಿಡಬೇಕು ಎಂಬದೇ ಅದರ ಸಾರ. ದೇಶದವರಾದ ಮೂವರಲ್ಲಿ ಇಬ್ಬರು ಇದಕ್ಕೆ ಒಪ್ಪದೆ ಬೇರೆ ಅಭಿಪ್ರಾಯ ಬರೆದರು. ನಿಷೇಧ ಬೇಡವೆಂದ ಸರ್ಕಾರಕ್ಕೆ ಗಾಂಜಾದ ಅಬಕಾರಿಯಿಂದ ಹಣ ಬರುತ್ತಿರಲಿಲ್ಲವೇ ಎಂದು ವಾಚಕರು ಕೇಳಬಹುದು. ಹೌದು, ಬರುತ್ತಿತ್ತು. ಬೊಕ್ಕಸಕ್ಕೆ ಲಾಭವಾಗುವ ತೀರ್ಪನ್ನು ಸಂಶಯದಿಂದ ನೋಡುವದು ತಪ್ಪಲ್ಲ. ಆದಾಗ್ಯೂ ದಫ್ತರಗಳ ಶೋಧನೆಯು ಅಭಿಪ್ರಾಯದ ಮಾತಲ್ಲ. ಒಂದೊಂದು ಹೆಸರನ್ನೂ ವಿಚಾರಿಸಿ ಕಂಡ ಸಂಗತಿ. ಒಳ್ಳೇ ಉದ್ದೇಶಕ್ಕಾಗಿಯಾದರೂ ಪರೀಕ್ಷಿಸದ ಮಾತನ್ನು ಸಾಕ್ಷಿಯಾಗಿ ಹೇಳಬಾರದೆಂಬ ಪಾಠವು ಅದರಿಂದ ನಮಗೆ ಉಳಿಯುವದು.

ನಮ್ಮ ಸೀಮೆಗೆ ತಿರಿಗಿ ಬರೋಣ. ಕೊಪ್ಪಳದಿಂದ ಬಹು ದೂರವಲ್ಲದ ಯಾದಗಿರಿ ಜಿಲ್ಲೆಯಲ್ಲಿ, ಕೃಷ್ಣಾ ನದಿಯ ಬಳಿ, ತಿಂಥಿಣಿ ಎಂಬ ಊರುಂಟು. ಅಲ್ಲಿಯ ಮೌನೇಶ್ವರನ ಜಾತ್ರೆಗೆ ಹಿಂದುಗಳೂ ಮುಸಲ್ಮಾನರೂ ಕೂಡಿ ಬರುತ್ತಾರೆ. ಅಲ್ಲಿ ಭಕ್ತರಿಗೆ ಗಾಂಜಾವನ್ನು ಪ್ರಸಾದವಾಗಿ ಕೊಡುವ ವಾಡಿಕೆಯನ್ನು ೨೦೨೦ರಲ್ಲಿ ಸಮಾಚಾರಪತ್ರಗಳು ವರ್ಣಿಸಿದವು. ಶರಣರು, ಅವಧೂತರು, ಆರೂಢರು ಎಂಬ ಪಂಥಗಳಲ್ಲಿ ಕೆಲವರು ಇದನ್ನು ಧ್ಯಾನಕ್ಕೆ ಸಹಾಯವೆಂದು ಎಣಿಸುತ್ತಾರೆ. ಅವರು ಇದನ್ನು ಚಟವೆಂದು ಹೇಳುವದಿಲ್ಲ, ಪವಿತ್ರವೆಂದು ಹೇಳುತ್ತಾರೆ. ಇವರನ್ನು ಕುರಿತು ಹಾಸ್ಯಮಾಡುವದು ನಮಗೆ ತಕ್ಕದ್ದಲ್ಲ. ನಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರು ಇಂಥ ಜಾತ್ರೆಗಳಿಗೆ ಭಕ್ತಿಯಿಂದಲೇ ನಡೆದುಹೋದವರು. ಆದರೆ ನಮ್ಮ ಮನಸ್ಸನ್ನು ಕೇಳಿದರೆ ಮರೆಮಾಡದೆ ಹೇಳುತ್ತೇವೆ: ದೇವರನ್ನು ಹುಡುಕುವವನಿಗೆ ಎಚ್ಚರವಾದ ಬುದ್ಧಿಯೇ ಬೇಕು. ಹೊಗೆಯಿಂದ ಬಂದ ಶಾಂತಿಯು ಹೊಗೆಯೊಡನೆ ಹೋಗುವದು. ಮನೆಗೆ ಬಂದ ಮೇಲೆ ಹೆಂಡತಿಯೊಡನೆ ಆಡುವ ಮಾತಿನಲ್ಲಿ, ನೆರೆಯವನೊಡನೆ ಮಾಡುವ ವ್ಯವಹಾರದಲ್ಲಿ ಅದು ಕಾಣದಿದ್ದರೆ ಅದರಿಂದೇನು? ಈ ಪ್ರಶ್ನೆಯು ಅವರಿಗೆ ಮಾತ್ರವಲ್ಲ. ಭಾನುವಾರ ಹಾಡಿ ಸೋಮವಾರ ಜಗಳವಾಡುವ ನಮಗೂ ಅದೇ ಪ್ರಶ್ನೆಯುಂಟು.

ಈಚಿನ ಶಾಸ್ತ್ರಜ್ಞಾನವು ಏನು ಹೇಳುವದು? ಅಮಲೇರಿಸುವ ಸತ್ವವನ್ನು ೧೯೬೪ರಲ್ಲಿ ಇಸ್ರಾಯೇಲ್ ದೇಶದ ರಫಾಯೇಲ್ ಮೆಶೂಲಂ ಮತ್ತು ಅವರ ಸಂಗಡಿಗರು ಬೇರ್ಪಡಿಸಿದರು. ಅದಕ್ಕೆ ಟಿಎಚ್‌ಸಿ ಎಂದು ಹೆಸರು. ಅಮಲೇರಿಸದ ಸಿಬಿಡಿ ಎಂಬ ಮತ್ತೊಂದು ಸತ್ವವೂ ಇದರಲ್ಲಿದೆ. ಕೀಲಿಯು ಬೀಗಕ್ಕೆ ಕೂಡುವಂತೆ ಟಿಎಚ್‌ಸಿಯು ನಮ್ಮ ಮೆದುಳಿನ ಕೆಲವು ಸ್ಥಾನಗಳಲ್ಲಿ ಕೂಡುವದು. ಆ ಬೀಗಗಳಿಗೆ ದೇಹವೇ ಮಾಡಿಕೊಳ್ಳುವ ಒಂದು ಕೀಲಿಯನ್ನು ೧೯೯೨ರಲ್ಲಿ ಕಂಡುಹಿಡಿದು, ನಮ್ಮ ಆನಂದ ಎಂಬ ಮಾತಿನಿಂದಲೇ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಸಿಬಿಡಿಯಿಂದ ತಯಾರಿಸಿದ ಔಷಧವನ್ನು, ಮಕ್ಕಳಿಗೆ ಬರುವ ಎರಡು ಘೋರವಾದ ಮೂರ್ಛಾರೋಗಗಳಿಗೆ ಕೊಡಬಹುದೆಂದು ೨೦೧೮ರಲ್ಲಿ ಅಮೇರಿಕದ ಅಧಿಕಾರಿಗಳು ಒಪ್ಪಿದರು. ಕಲ್ಕತ್ತೆಯ ಆ ಹಸುಳೆಯ ಸೆಳೆವು ನಿಂತು ೧೮೦ ವರುಷಗಳಾಗುತ್ತಾ ಬಂದಾಗ ಆ ಅನುಭವಕ್ಕೆ ಹೀಗೆ ಪರೀಕ್ಷಿತವಾದ ಸಾಕ್ಷ್ಯ ದೊರಕಿತು. ಕ್ಯಾನ್ಸರ್ ಔಷಧಗಳಿಂದ ಬರುವ ವಾಂತಿಯನ್ನು ನಿಲ್ಲಿಸುವದಕ್ಕೂ ಇದರ ಸತ್ವವುಳ್ಳ ಮಾತ್ರೆಗಳು ಕೆಲವು ದೇಶಗಳಲ್ಲಿ ಉಂಟು.

ಅದೇ ಶಾಸ್ತ್ರವು ಮತ್ತೊಂದು ಕಡೆಯನ್ನೂ ತೋರಿಸುವದು. ಎಳೆಯ ಪ್ರಾಯದಲ್ಲಿ ಮೆದುಳು ಇನ್ನೂ ಬೆಳೆಯುತ್ತಿರುವಾಗ ಗಾಂಜಾ ಹಿಡಿದವರಿಗೆ ನೆನಪು, ಏಕಾಗ್ರತೆ, ಓದು ಇವು ಕುಂದುವವು. ದಿನವೂ ಸೇದುವವರಲ್ಲಿ, ಅದರಲ್ಲಿಯೂ ತೀಕ್ಷ್ಣವಾದ ಸರಕನ್ನು ಸೇದುವವರಲ್ಲಿ, ಬುದ್ಧಿವಿಕಲ್ಪವು ಹೆಚ್ಚಾಗಿ ಕಾಣುವದು. ಸೇದಿದವರಲ್ಲಿ ಹತ್ತರಲ್ಲಿ ಸುಮಾರು ಒಬ್ಬನು ಅದಕ್ಕೆ ದಾಸನಾಗುವನು; ಹುಡುಗತನದಲ್ಲಿ ಆರಂಭಿಸಿದವರಲ್ಲಿ ಇನ್ನೂ ಹೆಚ್ಚು ಮಂದಿ. ೧೮೯೪ರ ಮಂಡಲಿಯವರು ಹೇಳಿದಷ್ಟು ನಿರಪಾಯವಾದದ್ದು ಇದಲ್ಲವೆಂದು ಇಂದು ತಿಳಿದಿದೆ. ಹೀಗೆ, ‘ದೇವರು ಕೊಟ್ಟ ಸೊಪ್ಪು, ಏನೂ ಆಗದು’ ಎನ್ನುವವನ ಮಾತೂ ಸತ್ಯವಲ್ಲ.

ಹಾಗಾದರೆ ಗಿಡವು ಸ್ವತಃ ಕೆಟ್ಟದ್ದಲ್ಲದಿದ್ದರೆ ಕಾನೂನು ಅದನ್ನು ತಡೆಯುವದೇಕೆ? ಬಾವಿಗೆ ಕಟ್ಟೆ ಕಟ್ಟುವದು ನೀರು ಕೆಟ್ಟದ್ದೆಂದಲ್ಲ, ಮಕ್ಕಳು ಬೀಳಬಾರದೆಂದು. ೧೯೮೫ರ ಮಾದಕದ್ರವ್ಯಗಳ ಕಾಯಿದೆಯು ಅಂಥ ಒಂದು ಕಟ್ಟೆ. ಅದರ ಪ್ರಕಾರ ಗಾಂಜಾ ಎಂದರೆ ಹೂದೆನೆ. ಅದರಿಂದ ಬೇರ್ಪಟ್ಟ ಬೀಜವೂ ಎಲೆಯೂ ಆ ಹೆಸರಿನೊಳಗೆ ಸೇರುವದಿಲ್ಲ. ವೈದ್ಯಕ್ಕೂ ಶಾಸ್ತ್ರೀಯ ಶೋಧನೆಗೂ ಅದರಲ್ಲಿ ಎಡೆಯುಂಟು. ನಾರು ಬೀಜಗಳಿಗಾಗಿ ಸರ್ಕಾರವು ಅಪ್ಪಣೆ ಕೊಟ್ಟು ಬೆಳೆಸಬಹುದು, ಉತ್ತರಾಖಂಡದಲ್ಲಿ ಹಾಗೆ ಕೊಟ್ಟೂ ಇದ್ದಾರೆ. ಆದರೆ ಅಪ್ಪಣೆಯಿಲ್ಲದೆ ಒಂದು ಗಿಡವನ್ನು ಬೆಳೆಸಿದವನಿಗೂ ೧೦ ವರುಷಗಳ ವರೆಗೆ ಕಠಿಣ ಸಜೆಯೂ ಒಂದು ಲಕ್ಷ ರೂಪಾಯಿ ವರೆಗೆ ದಂಡವೂ ಆಗಬಹುದು. ೨೦ ಕಿಲೋಗಿಂತಲೂ ಹೆಚ್ಚಾದ ಗಾಂಜಾವನ್ನು ಇಟ್ಟುಕೊಂಡವನಿಗೆ ಹತ್ತು ವರುಷಕ್ಕೆ ಕಡಿಮೆಯಿಲ್ಲದ ಶಿಕ್ಷೆ. ಹತ್ತಿಯ ಸಾಲುಗಳ ನಡುವೆ ನಾಲ್ಕು ಗಿಡ ಹಚ್ಚಬೇಕೆಂದಿರುವ ಸಹೋದರನು ಇದನ್ನು ಎಣಿಸಿ ನೋಡಲಿ. ಶಿಕ್ಷೆಗಿಂತಲೂ ಹೆಚ್ಚಾಗಿ ಮತ್ತೊಂದನ್ನು ಎಣಿಸಲಿ: ಅವನ ಹೊಲದ ಹೂದೆನೆಯು ಯಾರ ಮಗನ ಚಿಲುಮೆಗೆ ಹೋಗುವದು? ತನ್ನ ಸಾಲವನ್ನು ತೀರಿಸುವದಕ್ಕೆ ಇನ್ನೊಂದು ಮನೆಯ ಹುಡುಗನನ್ನು ಕೊಡುವದು ಯಾವ ಲೆಕ್ಕದಲ್ಲಿಯೂ ನ್ಯಾಯವಾಗದು.

ಆದರೆ ಕಟ್ಟೆಯನ್ನು ನೀರು ಸೇದುವದಕ್ಕೂ ಆಗದಷ್ಟು ಎತ್ತರ ಮಾಡಿದರೆ ಬಾಯಾರಿದವನು ಸಾಯುವನು. ಹಾಗೆ ಆದದ್ದೂ ಉಂಟು. ಅಫೀಮಿನಿಂದ ತೆಗೆದ ಮಾರ್ಫಿನ್ ಎಂಬ ಔಷಧವು ಕ್ಯಾನ್ಸರಿನ ಘೋರವಾದ ನೋವಿಗೆ ವೈದ್ಯರು ಮುಖ್ಯವಾಗಿ ನಂಬುವ ಮದ್ದು. ೧೯೮೫ರ ಕಾಯಿದೆಯ ಭಯದಿಂದಲೂ ಪರವಾನಗಿಗಳ ತೊಡಕಿನಿಂದಲೂ ಆಸ್ಪತ್ರೆಗಳು ಅದನ್ನು ಇಡುವದನ್ನೇ ಬಿಟ್ಟವು. ಮುಂದಿನ ಹನ್ನೆರಡು ವರುಷಗಳಲ್ಲಿ ನಮ್ಮ ದೇಶದಲ್ಲಿ ಅದರ ಬಳಕೆಯು ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚಾಗಿ ಇಳಿದುಹೋಯಿತು. ಎಷ್ಟು ಮಂದಿ ಬಡವರು ಗೋಡೆಗೆ ಮುಖ ತಿರುಗಿಸಿ ಕೂಗುತ್ತಾ ಸತ್ತರೋ ಅದನ್ನು ಯಾರೂ ಲೆಕ್ಕವಿಡಲಿಲ್ಲ. ೨೦೧೪ರಲ್ಲಿ ಕಾಯಿದೆಯನ್ನು ತಿದ್ದಿ, ಇಂಥ ಅವಶ್ಯವಾದ ಔಷಧಗಳಿಗೆ ದಾರಿಯನ್ನು ಸುಲಭಮಾಡಿದರು. ೨೦೨೦ರ ದಶಂಬರ ೨ರಲ್ಲಿ ಸಂಯುಕ್ತ ರಾಷ್ಟ್ರಗಳ ಮಾದಕದ್ರವ್ಯ ಆಯೋಗವು ಗಾಂಜಾವನ್ನು ಅತಿ ಕಠಿಣವಾದ ಪಟ್ಟಿಯಿಂದ ತೆಗೆಯುವದಕ್ಕೆ ೨೭ ಮತಗಳಿಂದ ನಿರ್ಣಯಿಸಿತು. ೨೫ ಮತಗಳು ವಿರೋಧವಾಗಿದ್ದವು. ನಮ್ಮ ದೇಶವು ತೆಗೆಯಬೇಕೆಂದವರೊಡನೆ ಸೇರಿತು. ಬೇರೆ ಪಟ್ಟಿಯ ನಿರ್ಬಂಧವು ಹಾಗೆಯೇ ನಿಂತಿದೆ. ಔಷಧಗುಣದ ಶೋಧನೆಗೆ ಮಾತ್ರ ಎಡೆ ಹೆಚ್ಚಾಯಿತು.

ಮತ್ತೊಂದು ಮಾತನ್ನು ನ್ಯಾಯಕ್ಕಾಗಿ ಹೇಳಬೇಕು. ೨೦೧೯ರಲ್ಲಿ ಪ್ರಕಟವಾದ ಸರ್ಕಾರದ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ೧೦ರಿಂದ ೭೫ ವರುಷ ಪ್ರಾಯದವರೊಳಗೆ ನೂರಕ್ಕೆ ೨.೮ ಮಂದಿ ಭಂಗಿ, ಗಾಂಜಾ, ಚರಸುಗಳನ್ನು ಬಳಸುತ್ತಾರೆ. ಮದ್ಯವನ್ನು ಕುಡಿಯುವವರಾದರೋ ೧೪.೬ ಮಂದಿ. ಗಾಂಜಾ ಸೇದಿದವನನ್ನು ಕಂಡರೆ ನಮ್ಮ ಜನರು ದೂರ ಸರಿಯುತ್ತಾರೆ. ಮದುವೆಯ ರಾತ್ರಿ ಕುಡಿದು ಬಿದ್ದವನನ್ನು ಕಂಡರೆ ನಗುತ್ತಾರೆ. ಆದರೆ ಹೆಂಡತಿಯ ತಾಳಿ ಅಂಗಡಿಗೆ ಹೋದದ್ದು, ಮಕ್ಕಳ ಶಾಲೆ ನಿಂತದ್ದು, ಹೊಲ ಅಡವಿಗೆ ಬಿದ್ದದ್ದು, ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಯಾವದರಿಂದ? ಸರ್ಕಾರದ ಚೀಟಿ ಅಂಟಿಸಿದ ಸೀಸೆಯಲ್ಲಿರುವದರಿಂದ ಅದು ನಿರ್ದೋಷವಾಗದು. ಕಾನೂನು ತಡೆದದ್ದೆಲ್ಲಾ ಪಾಪ, ತಡೆಯದ್ದೆಲ್ಲಾ ಪುಣ್ಯ ಎಂದು ಎಣಿಸುವವನು ತನ್ನ ಮನಸ್ಸಾಕ್ಷಿಯನ್ನು ಅಬಕಾರಿ ಕಚೇರಿಯಲ್ಲಿ ಒತ್ತೆಯಿಟ್ಟವನೇ ಸರಿ.

ಇಷ್ಟೆಲ್ಲವನ್ನೂ ಕೂಡಿಸಿ ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರವು ಹೀಗೆ ತೋರುವದು. ಕೆಡಕು ಗಿಡದಲ್ಲಿಲ್ಲ, ಆದರೆ ಅದರಲ್ಲಿ ಬಲವುಂಟು. ಬಲವುಳ್ಳ ಯಾವ ಪದಾರ್ಥವಾದರೂ ಅದನ್ನು ಹಿಡಿಯುವ ಕೈಯ ಗುಣವನ್ನು ದೊಡ್ಡದಾಗಿ ತೋರಿಸುವದು. ಆದದರಿಂದ ಯಾರಿಗಾಗಿ, ಯಾವದಕ್ಕಾಗಿ, ಎಷ್ಟು, ಯಾರ ಮೇಲ್ವಿಚಾರಣೆಯಲ್ಲಿ ಎಂಬ ನಾಲ್ಕು ಮಾತುಗಳನ್ನು ಕೇಳದೆ ಒಳ್ಳೇದೆಂದೂ ಕೆಟ್ಟದ್ದೆಂದೂ ಹೇಳಲಾಗದು. ತಿಳಿದ ವೈದ್ಯನು ಅಳೆದು ಕೊಟ್ಟದ್ದನ್ನು ರೋಗಿಯು ಮನಸ್ಸಿನ ಕಳವಳವಿಲ್ಲದೆ ತೆಗೆದುಕೊಳ್ಳಲಿ. ‘ನಾನೂ ಔಷಧಕ್ಕಾಗಿಯೇ’ ಎಂದು ಹೇಳಿ ಚಾವಡಿಯ ಹಿಂದೆ ಕೂತು ಸೇದುವವನು ಆ ನಾಲ್ಕು ಮಾತುಗಳಿಗೆ ಉತ್ತರ ಕೊಡಲಿ.

ಕಡೆಯದಾಗಿ, ಚಿಲುಮೆಗೆ ದಾಸನಾದ ಮಗನಿರುವ ಮನೆಯವರಿಗೆ ಒಂದು ಮಾತು. ಅವನನ್ನು ಕಟ್ಟಿಹಾಕಬೇಡಿರಿ, ಹೊಡೆಯಬೇಡಿರಿ, ಮಾಟವೆಂದು ಹೇಳಿ ತಾಯಿತದವರ ಬಳಿಗೆ ತಿರುಗಬೇಡಿರಿ, ನಾಚಿಕೆಯಿಂದ ಒಳಗೆ ಬಚ್ಚಿಡಲೂ ಬೇಡಿರಿ. ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಕರಕೊಂಡು ಹೋಗಿ ಮನೋರೋಗದ ವೈದ್ಯರಿಗೆ ತೋರಿಸಿರಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದಲ್ಲಿ ಅದಕ್ಕಾಗಿಯೇ ಇರುವ ಮಾನಸಿಕ ಆರೋಗ್ಯ ಸಂಸ್ಥೆಯುಂಟು. ಈ ಕಾಯಿದೆಯಲ್ಲಿಯೇ, ಚಟಕ್ಕೆ ಒಳಗಾದವನು ತಾನಾಗಿ ಚಿಕಿತ್ಸೆಗೆ ಬಂದರೆ ಸೇವನೆಯ ವಿಷಯವಾದ ಮೊಕದ್ದಮೆಯಿಂದ ರಕ್ಷಣೆಯನ್ನು ಕೊಡುವ ಕಲಮುಂಟು, ಆದದರಿಂದ ಅಂಜಬೇಕಾಗಿಲ್ಲ. ಅವನ ಬುದ್ಧಿ ಕೆಟ್ಟಿದ್ದರೆ ಅದಕ್ಕೆ ಗಾಂಜಾವೇ ಕಾರಣವೆಂದು ನೀವೇ ತೀರ್ಮಾನಿಸಿಬಿಡದೆ, ಅವನ ಚರಿತ್ರೆಯನ್ನೆಲ್ಲಾ ವೈದ್ಯರಿಗೆ ಸತ್ಯವಾಗಿ ತಿಳಿಸಿರಿ. ಹಳೆಯ ದಫ್ತರಗಳ ತಪ್ಪು ಇನ್ನೊಮ್ಮೆ ಆಗಬಾರದು. ಸಭೆಯ ಹಿರಿಯರಾದವರು ಆ ಮನೆಯ ಬಾಗಲಿಗೆ ಹೋಗುವಾಗ ನ್ಯಾಯತೀರಿಸುವದಕ್ಕೆ ಹೋಗದೆ, ಆಸ್ಪತ್ರೆಗೆ ಬಸ್ಸಿನ ಖರ್ಚು ಇದೆಯೋ, ತಾಯಿಯ ಸಂಗಡ ಹೋಗುವದಕ್ಕೆ ಯಾರಾದರೂ ಇದ್ದಾರೋ ಎಂದು ಕೇಳುವದಕ್ಕೆ ಹೋಗಲಿ.